ಹಾಲುಹಲ್ಲು ನುಡಿದ ಸಾಕ್ಷಿ

ಮಕ್ಕಳೇ, ಹಾಲುಹಲ್ಲು ಬಿದ್ದರೆ ಏನು ಮಾಡುತ್ತೀರಿ? ನಮ್ಮ ಹಳ್ಳಿಗಳ ಕಡೆ ಸಗಣಿಯುಂಡೆಯೊಳಗೆ ಇಟ್ಟು ಹೆಂಚಿನ ಮೇಲೆ ಎಸೆಯುವುದುಂಟು. ಅಮೆರಿಕದ ಬಾಸ್ಟನ್ ಪಕ್ಕದ ಚೆಲ್ಸಿ, ಸಾಮರ್‌ವಿಲ್ ಎಂಬ ಊರುಗಳಲ್ಲಿ 1970ರ ದಶಕದಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳು ಬಿದ್ದ ಹಲ್ಲನ್ನು ತಂದು ಟೀಚರ್ ಕೈಗೆ ಕೊಟ್ಟರು. ಕೊಟ್ಟವರು ಎರಡು ಸಾವಿರಕ್ಕೂ ಹೆಚ್ಚು ಮಂದಿ! ಅಷ್ಟೂ ಹಲ್ಲುಗಳಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಹುಡುಕಿದ್ದು ಸೀಸವನ್ನು.

ಸೀಸ ಒಂದು ಲೋಹ. ವಾಹನದ ಬ್ಯಾಟರಿಯಲ್ಲಿದೆ, ಹಳೆಯ ಬಣ್ಣಗಳಲ್ಲಿದೆ. (ಪೆನ್ಸಿಲ್ ಕಚ್ಚುವವರು ಗಾಬರಿಯಾಗಬೇಡಿ, ಅದರ ಕಡ್ಡಿ ಗ್ರಾಫೈಟ್. ಹಾಗಂತ ಕಚ್ಚಲೂಬೇಡಿ!) ನಮ್ಮ ದೇಹಕ್ಕೆ ಸೀಸದಿಂದ ಎಳ್ಳಷ್ಟೂ ಉಪಯೋಗವಿಲ್ಲ. ಆದರೂ ಅದು ಒಳಗೆ ಹೊಕ್ಕಿತೆಂದರೆ ಹಗಲುವೇಷದವರಂತೆ ಕ್ಯಾಲ್ಸಿಯಂನ ವೇಷ ಕಟ್ಟುತ್ತದೆ. ದೇಹ ಮೋಸಹೋಗಿ ಅದನ್ನು ಮೂಳೆಗೆ, ಹಲ್ಲಿಗೆ, ಮಿದುಳಿಗೂ ಕಳಿಸಿಬಿಡುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಸುಮಾರು ಹತ್ತರಲ್ಲೊಂದು ಪಾಲು ಹೀರಿಕೊಂಡರೆ, ಪುಟಾಣಿಗಳ ದೇಹ ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ರಕ್ತದಲ್ಲಿ ಅದರ ಪ್ರಮಾಣ ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ, ಹಲ್ಲಿನಲ್ಲಿ ಮಾತ್ರ ಹಾಗೇ ಕೂತಿರುತ್ತದೆ. ನೀಡಲ್‌ಮನ್ ಹಲ್ಲು ಕೇಳಿದ್ದು ಅದಕ್ಕೇ.

ಆ ಮಕ್ಕಳು ಯಾರೂ ಕಾಯಿಲೆ ಬಿದ್ದವರಲ್ಲ, ಎಲ್ಲರಂತೆ ಓಡಾಡಿಕೊಂಡಿದ್ದವರು. ಯಾರ ಹಲ್ಲಿನಲ್ಲಿ ಎಷ್ಟು ಸೀಸವಿದೆ ಎಂಬುದು ಟೀಚರುಗಳಿಗೆ ಗೊತ್ತಿರಲಿಲ್ಲ. ಆದರೂ "ಇವನಿಗೆ ಪಾಠದ ಮೇಲೆ ಗಮನ ನಿಲ್ಲುವುದಿಲ್ಲ", "ಇವಳು ಹೇಳಿದ ಕೆಲಸ ಮುಗಿಸುವುದಿಲ್ಲ" ಎಂಬಂಥ ದೂರುಗಳು ಸೀಸ ಹೆಚ್ಚಿದ್ದ ಮಕ್ಕಳ ಮೇಲೆಯೇ ಹೆಚ್ಚು ಬಂದವು. ಬುದ್ಧಿಯ ಪರೀಕ್ಷೆಯಲ್ಲೂ ಅವರೇ ಹಿಂದೆ. ಪಾಪ, ಎಷ್ಟು ಬೈಗುಳ ತಿಂದಿದ್ದರೋ! 1979ರಲ್ಲಿ ಈ ಸಂಗತಿ ಪ್ರಕಟವಾಯಿತು.

ಹೊಟ್ಟೆನೋವು ಬಂದರೆ ನಾವು ಅಮ್ಮನಿಗೆ ಹೇಳುತ್ತೇವೆ. ಸೀಸ ಎಷ್ಟೋ ಸಲ ನೋಯಿಸದೆಯೇ ಕೆಡಿಸುತ್ತದೆ. ತೀರಾ ಹೆಚ್ಚಾದಾಗ ರಕ್ತದಿಂದ ಅದನ್ನು ತೆಗೆಯುವ ಔಷಧವಿದೆ, ಮಿದುಳಿಗೆ ಆದ ಪೆಟ್ಟನ್ನು ವಾಸಿಮಾಡುವ ಔಷಧವಿಲ್ಲ. ಆದ್ದರಿಂದ ಸೀಸ ದೇಹದೊಳಗೆ ಹೋಗದಂತೆ ತಡೆಯುವುದೇ ದಾರಿ. ನಮ್ಮ ದೇಶದಲ್ಲಿ 2000ರಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ ಸೀಸ 90 ಪಾಲು ಮೀರಬಾರದು ಎಂಬ ನಿಯಮ 2017ರಿಂದ ಜಾರಿಯಲ್ಲಿದೆ.

ಆದರೆ ಅಜ್ಜನ ಕಾಲದ ಕಿಟಕಿ, ಬಾಗಿಲುಗಳಿಗೆ ಈ ನಿಯಮ ತಿಳಿಯದಲ್ಲ! ಅವುಗಳ ಬಣ್ಣ ಚಕ್ಕೆಯೆದ್ದಿದ್ದರೆ ಉಗುರಿನಿಂದ ಕೀಳಬೇಡಿ. ಅಲ್ಲಿ ಉದುರಿದ ಪುಡಿಯನ್ನು ಗುಡಿಸಿದರೆ ಧೂಳೇಳುತ್ತದೆ, ಒದ್ದೆಬಟ್ಟೆಯಿಂದ ಒರೆಸಲು ದೊಡ್ಡವರಿಗೆ ಹೇಳಿ. ಹಳೆಯ ಬ್ಯಾಟರಿ ಒಡೆಯುವ ಜಾಗದತ್ತ ಆಡಲು ಹೋಗಬೇಡಿ. ಮಣ್ಣಿನಲ್ಲಿ ಆಡಿ ಬಂದವರು ಕೈ ತೊಳೆದೇ ಊಟಕ್ಕೆ ಕೂರಿ. ತಟ್ಟೆಯಲ್ಲಿ ರಾಗಿ, ಸೊಪ್ಪು ಇರಲಿ: ಕ್ಯಾಲ್ಸಿಯಂ, ಕಬ್ಬಿಣದ ಅಂಶ ಸಾಕಷ್ಟಿರುವ ದೇಹ ಸೀಸವನ್ನು ಕಡಿಮೆ ಹೀರಿಕೊಳ್ಳುತ್ತದೆ. ಮನೆಗೆ ಹೊಸ ಬಣ್ಣ ತರಲು ಅಪ್ಪ ಹೊರಟರೆ ನೀವೂ ಜೊತೆಗೆ ಹೋಗಿ, ಡಬ್ಬದ ಮೇಲೆ ಆ 90ರ ಮಾತು ಬರೆದಿದೆಯೇ ಎಂದು ಓದಿ ನೋಡಿ.