ಬೇವು ಕಟ್ಟಿದ ಬಾಗಿಲು

ಹಿಂದೂಪುರ, ಕಲ್ಯಾಣದುರ್ಗದ ಕಡೆ ಹಳ್ಳಿಮನೆಯ ಮಗುವಿಗೆ ‘ಅಮ್ಮ’ ಎದ್ದರೆ, ಅಂದರೆ ದಡಾರ ಬಂದರೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದುಂಟು. ಹೊರಗಿನವರು ಒಳಗೆ ಬರುವುದಿಲ್ಲ, ಒಳಗಿನವರು ಹೊಸಿಲು ದಾಟುವುದಿಲ್ಲ. ರೋಗ ಹರಡದಂತೆ ತಡೆಯುವ ಆ ಕಟ್ಟುಪಾಡಿನ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಮನೆಯ ಆರು ತಿಂಗಳ ಕೂಸು ಹಾಲು ಬಿಟ್ಟು ಏದುಸಿರು ಬಿಡುತ್ತಿದ್ದರೆ? ಆಗ ಹೊಸಿಲು ದಾಟಲೇಬೇಕು.

ದಡಾರದ ಲಸಿಕೆ ಹಾಕುವುದು 9 ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಕೂಸಿಗೆ ರಕ್ಷಣೆ ಕಡಿಮೆ. ಅಮ್ಮ ಎದ್ದಿದ್ದು ಕೂಸಿನ ಅಣ್ಣನಿಗಾದರೆ, ಅವನ ಮೈಮೇಲೆ ಕೆಂಪು ದದ್ದು ಕಾಣುವ 4 ದಿನ ಮೊದಲೇ ಸೋಂಕು ಹರಡತೊಡಗುತ್ತದೆ, ಕಂಡ ಮೇಲೂ 4 ದಿನ ಹರಡುತ್ತದೆ. ಅವನು ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ವೈರಾಣು 2 ಗಂಟೆಯವರೆಗೂ ಉಳಿಯಬಲ್ಲದು. ಅದಕ್ಕೇ ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಕೂಸನ್ನಷ್ಟೇ ಆಸ್ಪತ್ರೆಗೆ ಕರೆದೊಯ್ಯುವುದು ಮೇಲು. ಬಿಡಲು ಯಾರೂ ಇಲ್ಲದ, ಗಂಡ ಬೆಂಗಳೂರಿಗೆ ದುಡಿಯಲು ಹೋದ ಮನೆಗಳೂ ಇವೆ. ಅಂಥ ಮನೆಯಿಂದ ಇಬ್ಬರನ್ನೂ ಕರೆತಂದ ತಾಯಿಯನ್ನು ಯಾರೂ ಗದರಬಾರದು.

ಹಿಂದೂಪುರದ ಸರ್ಕಾರಿ ಆಸ್ಪತ್ರೆಯಾಗಲಿ, ಕಲ್ಯಾಣದುರ್ಗದ ಆರ್‌ಡಿಟಿ (ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್) ಆಸ್ಪತ್ರೆಯಾಗಲಿ, ಚೀಟಿಯ ಸಾಲಿಗೆ ನಿಲ್ಲುವ ಮೊದಲೇ ನರ್ಸಮ್ಮನಿಗೆ ಹೇಳಿ: “ಅಮ್ಮಾ, ದೊಡ್ಡವನಿಗೆ ಅಮ್ಮ ಎದ್ದಿದೆ, ಹೊರಗೇ ನಿಂತಿದೀವಿ.” ದೊಡ್ಡವನು ಮನೆಯಲ್ಲೇ ಇದ್ದರೂ ಹೇಳಿ. ಕೂಸಿಗೆ ಆಗಲೇ ಸೋಂಕು ತಗಲಿರಬಹುದು, ಸಾಲಿನಲ್ಲಿ ಬೇರೆ ಹಸುಗೂಸುಗಳಿರುತ್ತವೆ.

ಹೊರಡುವ ಮೊದಲು ಮನೆಯಲ್ಲೇ ಕೂಸಿನ ಉಸಿರು ಎಣಿಸಿ. ಎರಡು ತಿಂಗಳು ದಾಟಿದ, ವರ್ಷ ತುಂಬದ ಕೂಸು ನಿಮಿಷಕ್ಕೆ 50 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಅಮ್ಮ ಇಳಿಯಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.