ಕಾರ್ಖಾನೆಗೆ ಯಾವ ಊರು?

ನಿಮ್ಮ ಅಡುಗೆಮನೆಯಿಂದಲೇ ಪ್ರಾರಂಭಿಸೋಣ. ಉಪ್ಪಿನ ಭರಣಿ ಒಲೆಗೆ ಕೈಯೆಟುಕುವಷ್ಟು ಹತ್ತಿರದಲ್ಲಿದೆ. ಸಾಸಿವೆ, ಜೀರಿಗೆ, ಮೆಂತ್ಯ ತುಂಬಿದ ಒಗ್ಗರಣೆ ಡಬ್ಬಿಯೂ ಅಲ್ಲಿಯೇ. ಅಕ್ಕಿಯ ಮೂಟೆ ಒಳಕೋಣೆಯ ಮೂಲೆಯಲ್ಲಿದೆ. ಅದರಿಂದ ಆಗಾಗ ಒಂದು ಡಬ್ಬಿಗೆ ತುಂಬಿಕೊಂಡು ಒಲೆಯ ಬಳಿಗೆ ತರುತ್ತಾರೆ. ಉಪ್ಪಿನಕಾಯಿಯ ದೊಡ್ಡ ಜಾಡಿ ಅಟ್ಟದ ಮೇಲೆ. ಇದನ್ನೆಲ್ಲ ಯಾರೂ ಕಾಗದದ ಮೇಲೆ ಲೆಕ್ಕಹಾಕಿ ಗೊತ್ತುಮಾಡಲಿಲ್ಲ. ದಿನಕ್ಕೆ ಹತ್ತು ಸಲ ಬೇಕಾದುದು ಹತ್ತಿರ, ವರ್ಷಕ್ಕೆ ಎರಡು ಸಲ ಬೇಕಾದುದು ದೂರ ಎಂಬುದು ಮನೆಯಾಕೆಗೆ ಅನುಭವದಿಂದ ತಿಳಿದ ಮಾತು. ಒಂದು ವೇಳೆ ತಪ್ಪಿದರೂ ಬಾಧಕವಿಲ್ಲ. ಭರಣಿಯನ್ನು ನಾಳೆ ಬೇರೆ ಗೂಡಿಗೆ ಸರಿಸಿದರಾಯಿತು.

ಸಕ್ಕರೆ ಕಾರ್ಖಾನೆಯನ್ನು ಹಾಗೆ ಸರಿಸಲು ಬರುವುದಿಲ್ಲ. ಕಬ್ಬಿಣದ ಕುಲುಮೆಯನ್ನೂ ಅಷ್ಟೆ. ಒಮ್ಮೆ ತಳಹದಿ ಹಾಕಿದ ಮೇಲೆ ಐವತ್ತು, ನೂರು ವರ್ಷ ಅದು ಅಲ್ಲಿಯೇ. ಅದರ ಸುತ್ತ ಒಂದು ಊರು ಬೆಳೆಯುತ್ತದೆ. ಆದುದರಿಂದ ಕಾರ್ಖಾನೆಯನ್ನೋ ಉಗ್ರಾಣವನ್ನೋ ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ವ್ಯಾಪಾರಿಗಳಿಗೆ ಮಾತ್ರ ಸೇರಿದುದಲ್ಲ. ಸರಕು ಹುಟ್ಟುವ ಹೊಲಕ್ಕೂ ಅದನ್ನು ಬಳಸುವ ಮನೆಗೂ ನಡುವೆ ದೂರವೊಂದು ಇದ್ದೇ ಇರುತ್ತದೆ. ಕಟ್ಟಡ ಎಲ್ಲಿ ನಿಂತರೂ ಆ ದೂರ ಮಾಯವಾಗುವುದಿಲ್ಲ. ಯಾರೋ ಒಬ್ಬರು ಅದನ್ನು ಹೊರಬೇಕು. ಯಾರು ಎಂಬುದನ್ನು ಗೊತ್ತುಮಾಡುವುದು ಈ ಜಾಗದ ಆಯ್ಕೆ.

ಮಂಡ್ಯವನ್ನು ತೆಗೆದುಕೊಳ್ಳಿ. ಕೃಷ್ಣರಾಜಸಾಗರದ ಕಟ್ಟೆಯಿಂದ ಹೊರಟ ನಾಲೆ, ಆಗ ಅದಕ್ಕೆ ಇರ್ವಿನ್ ನಾಲೆ ಎಂದು ಹೆಸರು, ಈಗ ವಿಶ್ವೇಶ್ವರಯ್ಯ ನಾಲೆ, ಆ ಸೀಮೆಯ ಒಣಭೂಮಿಗೆ ನೀರು ತಂದಿತು. ನೀರು ಬಂದ ಮೇಲೆ ಕಬ್ಬು ಬಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ ಕಾರ್ಖಾನೆ ಮಂಡ್ಯದಲ್ಲಿ ಎದ್ದಿತು. ಸಕ್ಕರೆಯನ್ನು ಹೆಚ್ಚಾಗಿ ತಿನ್ನುವ ಜನ ಬೆಂಗಳೂರಿನಲ್ಲಿದ್ದರು, ಮೈಸೂರಿನಲ್ಲಿದ್ದರು. ಎರಡು ಊರಿಗೂ ಮಂಡ್ಯದಿಂದ ರೈಲಿತ್ತು. ಹಾಗಿದ್ದ ಮೇಲೆ ಕಬ್ಬನ್ನೇ ರೈಲಿನಲ್ಲಿ ಬೆಂಗಳೂರಿಗೆ ತಂದು ನುರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು.

ನೂರು ಟನ್ನು ಕಬ್ಬು ನುರಿಸಿದರೆ ಕೈಗೆ ಸಿಕ್ಕುವ ಸಕ್ಕರೆ ಸುಮಾರು ಹತ್ತು ಟನ್ನು. ಉಳಿದ ತೊಂಬತ್ತು ಟನ್ನು ನೀರು, ಸಿಪ್ಪೆ, ಮಡ್ಡಿ, ಕಾಕಂಬಿ. ಕಬ್ಬನ್ನು ಬೆಂಗಳೂರಿಗೆ ಸಾಗಿಸುವುದೆಂದರೆ ಒಂದು ಗಾಡಿ ಸಕ್ಕರೆಗೋಸ್ಕರ ಹತ್ತು ಗಾಡಿ ಬಾಡಿಗೆ ತೆರುವುದು. ಇದಕ್ಕಿಂತ ದೊಡ್ಡ ಕಾರಣವೂ ಒಂದುಂಟು. ಕಡಿದ ಕಬ್ಬು ಕಾಯುವುದಿಲ್ಲ. ಬುಡಕ್ಕೆ ಕತ್ತಿ ಬಿದ್ದ ಗಳಿಗೆಯಿಂದ ಅದರೊಳಗಿನ ಸಕ್ಕರೆ ಕೆಡತೊಡಗುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಕೊಟ್ಟರೆ ಸರಿ, ತಡವಾದಷ್ಟೂ ನಷ್ಟ. ಬಿಸಿಲಿನಲ್ಲಿ ನಿಂತ ಗಾಡಿಯ ಕಬ್ಬು ಒಣಗಿ ತೂಕವನ್ನೂ ಕಳೆದುಕೊಳ್ಳುತ್ತದೆ. ರೈತನಿಗೆ ಹಣ ಸಿಕ್ಕುವುದು ತೂಕದ ಮೇಲೆ. ಸರಕಾರ ಗೊತ್ತುಮಾಡುವ ಕಬ್ಬಿನ ಬೆಲೆಯಾದರೂ ಕಾರ್ಖಾನೆಯ ಬಾಗಿಲಿನಲ್ಲಿ ಕೊಡುವ ಬೆಲೆ, ಹೊಲದ ಬದುವಿನಲ್ಲಿ ಕೊಡುವುದಲ್ಲ. ಆದುದರಿಂದ ಕಾರ್ಖಾನೆ ಹತ್ತು ಕಿಲೋಮೀಟರು ದೂರ ಹೋದರೆ ಆ ಹತ್ತು ಕಿಲೋಮೀಟರಿನ ಬಾಡಿಗೆ ರೈತನ ಕೈಯಿಂದಲೇ ಹೋಗುತ್ತದೆ.

ನಮ್ಮ ಹಳೆಯ ಆಲೆಮನೆಯವರು ಈ ವಿಷಯವನ್ನು ಚೆನ್ನಾಗಿ ಅರಿತಿದ್ದರು. ಗಾಣವನ್ನೂ ಕೊಪ್ಪರಿಗೆಯನ್ನೂ ಕಬ್ಬಿನ ಗದ್ದೆಯ ಪಕ್ಕಕ್ಕೇ ತಂದು ಹೂಡುತ್ತಿದ್ದರು. ಒಲೆಗೆ ಸೌದೆಯೂ ಬೇಡ, ಅರೆದ ಸಿಪ್ಪೆಯೇ ಸಾಕು. ಬೆಲ್ಲದ ಅಚ್ಚು ಮಾತ್ರ ಸಂತೆಗೆ ಹೋಗುತ್ತಿತ್ತು. ದೊಡ್ಡ ಯಂತ್ರ ಬಂದ ಮೇಲೆ ಗಾಣ ಗದ್ದೆಗೆ ಹೋಗುವುದು ತಪ್ಪಿ ಗದ್ದೆಯೇ ಗಾಣದ ಬಳಿಗೆ ನಡೆಯಬೇಕಾಯಿತು. ಇದರಲ್ಲಿ ಕಾರ್ಖಾನೆಯವರ ಕಷ್ಟವೂ ಉಂಟು: ಸುತ್ತಲಿನ ಕಬ್ಬು ಸಾಲದೆ ಹೋದರೆ ಯಂತ್ರ ಸುಮ್ಮನೆ ನಿಲ್ಲುತ್ತದೆ. ಒಂದು ಸಕ್ಕರೆ ಕಾರ್ಖಾನೆಗೂ ಇನ್ನೊಂದಕ್ಕೂ ಕನಿಷ್ಠ 15 ಕಿಲೋಮೀಟರು ಅಂತರ ಇರಬೇಕೆಂದು ಕೇಂದ್ರ ಸರಕಾರ 2006ರಲ್ಲಿ ನಿಯಮ ಮಾಡಿದುದು ಇದಕ್ಕಾಗಿಯೇ. ಅದರಿಂದ ಕಾರ್ಖಾನೆಗೆ ಭದ್ರತೆ ಬಂದುದು ನಿಜ. ಇಬ್ಬರ ಬಾಗಿಲನ್ನು ನೋಡಿ ಒಬ್ಬರನ್ನು ಆರಿಸಿಕೊಳ್ಳುವ ಅವಕಾಶ ರೈತನಿಗೆ ಕಡಿಮೆಯಾದುದೂ ನಿಜವೇ.

ಸೋಡಾ ಬಾಟಲಿಯ ಕಥೆ ಇದಕ್ಕೆ ತದ್ವಿರುದ್ಧ. ಅದರಲ್ಲಿ ಇರುವುದೆಲ್ಲ ನೀರು, ನೀರು ಊರೂರಿನಲ್ಲಿಯೂ ಉಂಟು. ಮಾಡಿದ ಮೇಲೆ ಸರಕಿನ ಭಾರ ಹೆಚ್ಚುತ್ತದೆ. ಆದುದರಿಂದ ಗೋಲಿ ಸೋಡಾ ಮಾಡುವವನು ಪೇಟೆಯಲ್ಲಿಯೇ ಇರುತ್ತಾನೆ. ಸಿಮೆಂಟಿನವರು ಸುಣ್ಣದ ಕಲ್ಲನ್ನು ಹುಡುಕಿಕೊಂಡು ವಾಡಿಗೆ, ಬಾಗಲಕೋಟೆಗೆ ಹೋದರು. ಮಾಡುವಾಗ ಭಾರ ಕಳೆಯುವ ಸರಕು ಹುಟ್ಟಿದ ಕಡೆಗೆ ಎಳೆಯುತ್ತದೆ, ಭಾರ ಹೆಚ್ಚುವುದು ಪೇಟೆಯ ಕಡೆಗೆ.

ಇದನ್ನು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ಪ್ರಸಿದ್ಧರು ಜರ್ಮನಿಯ ಆಲ್ಫ್ರೆಡ್ ವೇಬರ್. ಅವರ ಪುಸ್ತಕ ಹೊರಟದ್ದು 1909ರಲ್ಲಿ. ಅವರ ವಿಚಾರವನ್ನು ಒಂದು ಹಲಗೆ, ಮೂರು ದಾರ, ಮೂರು ತೂಕದ ಬಟ್ಟುಗಳಿಂದ ತೋರಿಸಬಹುದು. ಹಲಗೆಯ ಮೇಲೆ ನಕ್ಷೆ ಅಂಟಿಸಿ, ಕಬ್ಬಿಣದ ಅದಿರು ಇರುವಲ್ಲಿ, ಇದ್ದಲು ಇರುವಲ್ಲಿ, ಪೇಟೆ ಇರುವಲ್ಲಿ ಒಂದೊಂದು ತೂತು ಕೊರೆಯಿರಿ. ಮೂರು ದಾರಗಳ ತುದಿಯನ್ನು ಹಲಗೆಯ ಮೇಲೆ ಒಂದೇ ಗಂಟಾಗಿ ಕಟ್ಟಿ, ಇನ್ನೊಂದು ತುದಿಗಳನ್ನು ತೂತುಗಳಲ್ಲಿ ಇಳಿಬಿಟ್ಟು, ಸಾಗಿಸಬೇಕಾದ ಭಾರಕ್ಕೆ ತಕ್ಕ ಬಟ್ಟುಗಳನ್ನು ತೂಗುಹಾಕಿ ಕೈಬಿಡಿ. ಗಂಟು ಅತ್ತಿತ್ತ ಜಗ್ಗಿ ಒಂದು ಕಡೆ ನಿಲ್ಲುತ್ತದೆ. ಸಾಗಾಣಿಕೆಯ ವೆಚ್ಚ ಅತ್ಯಂತ ಕಡಿಮೆ ಬೀಳುವ ಜಾಗ ಅದೇ. ಒಂದು ಬಟ್ಟು ಉಳಿದೆರಡರ ಮೊತ್ತಕ್ಕಿಂತ ಭಾರವಾಗಿದ್ದರೆ ಗಂಟು ನೇರವಾಗಿ ಆ ತೂತಿಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ಕಬ್ಬಿನ ಕಾರ್ಖಾನೆ ಗದ್ದೆಯನ್ನು ಬಿಟ್ಟು ಕದಲದಿರುವುದು ಹೀಗೆ. ಮನೆಯಲ್ಲಿ ಶಾಲೆಯ ಮಕ್ಕಳಿದ್ದರೆ ಇದನ್ನು ಒಂದು ರಟ್ಟಿನ ಮೇಲೆ ಮಾಡಿ ನೋಡಬಹುದು.

ಈಗ ಹಾಲಿನ ಲೆಕ್ಕವೊಂದನ್ನು ಹೇಳುತ್ತೇನೆ. ಊಹೆಯ ಲೆಕ್ಕ, ಆದರೆ ಪೆನ್ಸಿಲು ಹಿಡಿದು ಮಾಡುವಂಥದು. ಒಂದೇ ನೇರ ರಸ್ತೆಯ ಮೇಲೆ ಐದು ಹಳ್ಳಿಗಳಿವೆ ಎನ್ನೋಣ. ಮೊದಲನೆಯದರಿಂದ ಅಳೆದರೆ ಎರಡನೆಯದು 2 ಕಿಲೋಮೀಟರು, ಮೂರನೆಯದು 3, ನಾಲ್ಕನೆಯದು 4. ಐದನೆಯದು ದೂರ, 16. ಎಲ್ಲ ಹಳ್ಳಿಗಳಲ್ಲಿಯೂ ಹಾಲು ಸಮಸಮ. ಹಾಲು ತಂಪುಮಾಡುವ ಕೇಂದ್ರವೊಂದನ್ನು ಎಲ್ಲಿ ಕಟ್ಟಬೇಕು? ಮೊದಲು ತೋಚುವುದು ರಸ್ತೆಯ ನಟ್ಟನಡುವೆ, ಎಂಟನೆಯ ಕಿಲೋಮೀಟರಿನ ಕಲ್ಲಿನ ಬಳಿ. ಅಲ್ಲಿಗೆ ಐವರೂ ನಡೆಯುವ ದೂರ ಕೂಡಿದರೆ 31 ಕಿಲೋಮೀಟರು. ಮೂರನೆಯ ಹಳ್ಳಿಯಲ್ಲಿ ಕಟ್ಟಿದರೆ ಮೊತ್ತ 18 ಮಾತ್ರ. ಅಲ್ಲಿಂದ ಒಂದು ಕಿಲೋಮೀಟರು ಆಚೆಗೆ ಸರಿಸಿದರೆ ಇಬ್ಬರಿಗೆ ಹತ್ತಿರವಾಗುತ್ತದೆ, ಮೂವರಿಗೆ ದೂರವಾಗುತ್ತದೆ, ಒಟ್ಟಿನಲ್ಲಿ ನಷ್ಟವೇ. ಇನ್ನೂ ವಿಚಿತ್ರವೆಂದರೆ, ಐದನೆಯ ಹಳ್ಳಿ 16ರ ಬದಲು 60 ಕಿಲೋಮೀಟರು ಆಚೆಗಿದ್ದರೂ ಉತ್ತರ ಬದಲಾಗುವುದಿಲ್ಲ. ಮೂರನೆಯ ಹಳ್ಳಿಯೇ.

ಮೊತ್ತದ ದೃಷ್ಟಿಯಿಂದ ಇದು ಸರಿಯಾದ ಉತ್ತರ. ಐದನೆಯ ಹಳ್ಳಿಯ ಹೆಂಗಸು ತುಂಬಿದ ಕ್ಯಾನಿನೊಡನೆ 13 ಕಿಲೋಮೀಟರು ಬರಬೇಕು. ಕರೆದ ಹಾಲನ್ನು ಕೆಲವೇ ಗಂಟೆಗಳೊಳಗೆ ತಂಪುಮಾಡದಿದ್ದರೆ ಹುಳಿಯುತ್ತದೆ. ಹುಳಿದ ಹಾಲನ್ನು ಕೇಂದ್ರದವರು ಹಿಂದಕ್ಕೆ ಕಳುಹಿಸುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಉಳಿತಾಯವೆಂದು ಕಾಣುವುದು ಆಕೆಯ ಪಾಲಿಗೆ ಒಂದು ಹೊತ್ತಿನ ಸಂಪಾದನೆಯ ನಷ್ಟ. ನಟ್ಟನಡುವೆ ಕಟ್ಟಿದ್ದರೆ ಯಾರಿಗೂ 8 ಕಿಲೋಮೀಟರಿಗಿಂತ ಹೆಚ್ಚು ನಡಿಗೆ ಇರುತ್ತಿರಲಿಲ್ಲ. 1964ರಲ್ಲಿ ಹಕೀಮಿ ಎಂಬ ವಿದ್ವಾಂಸರು ಟೆಲಿಫೋನ್ ಎಕ್ಸ್‌ಚೇಂಜುಗಳ ವಿಷಯವಾಗಿ ಬರೆಯುತ್ತ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು: ಒಟ್ಟು ದೂರ ಕನಿಷ್ಠವಾಗುವ ಜಾಗ ಒಂದು, ಅತಿ ದೂರದವನಿಗೆ ದೂರ ಕನಿಷ್ಠವಾಗುವ ಜಾಗ ಇನ್ನೊಂದು. ಮೊದಲನೆಯದನ್ನು ಹುಡುಕಲು ಊರುಗಳನ್ನೂ ಕೂಡುರಸ್ತೆಗಳನ್ನೂ ನೋಡಿದರೆ ಸಾಕು. ಎರಡನೆಯದು ನಡುರಸ್ತೆಯಲ್ಲಿಯೂ ಇರಬಹುದು. ಸಿಮೆಂಟಿನ ಉಗ್ರಾಣಕ್ಕೆ ಮೊದಲನೆಯ ಲೆಕ್ಕ ಒಪ್ಪುತ್ತದೆ. ಹೆರಿಗೆ ಆಸ್ಪತ್ರೆಗೂ ಬೆಂಕಿ ಆರಿಸುವ ಠಾಣೆಗೂ ಅದನ್ನೇ ಬಳಸುವವರನ್ನು ಕಂಡರೆ ನನಗೆ ಭಯ.

ಹಾಲಿನ ವಿಷಯದಲ್ಲಿ ನಮ್ಮ ಸಹಕಾರ ಸಂಘಗಳು ಬೇರೊಂದು ದಾರಿ ಹಿಡಿದವು. ಎಷ್ಟೋ ಹಳ್ಳಿಗಳಲ್ಲಿ ತಂಪುಮಾಡುವ ತೊಟ್ಟಿಯನ್ನೇ ತಂದು ಇಟ್ಟರು. ಹಾಲು ಹಳ್ಳಿಯಲ್ಲಿಯೇ ತಣ್ಣಗಾಗಿ, ಟ್ಯಾಂಕರು ಬಂದು ಒಯ್ಯುತ್ತದೆ. ತಣ್ಣನೆಯ ಹಾಲಿಗೆ ಹದಿಮೂರು ಕಿಲೋಮೀಟರು ಒಂದು ದೂರವೇ ಅಲ್ಲ.

ಎಷ್ಟು ಉಗ್ರಾಣ ಇರಬೇಕು ಎಂಬುದೂ ಉಂಟಲ್ಲ. ಸಾಬೂನು ಮಾಡುವ ಕಂಪನಿಯೊಂದು ನಾಲ್ಕು ಊರುಗಳಲ್ಲಿ ಉಗ್ರಾಣ ಇಟ್ಟರೆ, ಇದ್ದಕ್ಕಿದ್ದಂತೆ ಗಿರಾಕಿ ಹೆಚ್ಚಿದರೆ ಇರಲೆಂದು ನಾಲ್ಕರಲ್ಲಿಯೂ ಒಂದಿಷ್ಟು ಮಾಲು ಮಿಗಿಸಿ ಇಡಬೇಕು. ನಾಲ್ಕನ್ನೂ ಒಂದುಮಾಡಿದರೆ ಈ ಕಾಪು ದಾಸ್ತಾನು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹುಬ್ಬಳ್ಳಿಯಲ್ಲಿ ಬೇಡಿಕೆ ಏರಿದ ವಾರ ಮಂಗಳೂರಿನಲ್ಲಿ ಇಳಿದಿರಬಹುದು, ಒಂದಕ್ಕೊಂದು ಸರಿಹೋಗುತ್ತದೆ. ಹಾಗಿದ್ದೂ ನಮ್ಮ ದೇಶದಲ್ಲಿ ಬಹುಕಾಲ ಕಂಪನಿಗಳು ರಾಜ್ಯಕ್ಕೊಂದು ಉಗ್ರಾಣ ಇಟ್ಟಿದ್ದವು. ಕಾರಣ ರಸ್ತೆಯದಲ್ಲ, ತೆರಿಗೆಯದು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ಗಿರಾಕಿಗೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ತನ್ನ ಉಗ್ರಾಣದಿಂದ ತನ್ನದೇ ಇನ್ನೊಂದು ಉಗ್ರಾಣಕ್ಕೆ ಕಳುಹಿಸಿದರೆ ಬೀಳುತ್ತಿರಲಿಲ್ಲ. ಬೀದರಿಗೆ ಹೈದರಾಬಾದು 150 ಕಿಲೋಮೀಟರಿನೊಳಗೇ ಇದೆ, ಬೆಂಗಳೂರು ಸುಮಾರು 700. ಆದರೂ ಬೀದರಿನ ಅಂಗಡಿಗೆ ಕರ್ನಾಟಕದ ಉಗ್ರಾಣದಿಂದಲೇ ಸಾಬೂನು ಹೋಗುವುದು ಕಂಪನಿಗೆ ಅಗ್ಗವಾಗಬಹುದಿತ್ತು. ನಕ್ಷೆಯ ಮೇಲೆ ನೋಡಿದವನಿಗೆ ಇದು ಹುಚ್ಚಾಟವೆನಿಸುತ್ತದೆ. ರಸೀತಿ ಪುಸ್ತಕ ನೋಡಿದವನಿಗೆ ಅರ್ಥವಾಗುತ್ತಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಆ ಕಾರಣ ಹೋಯಿತು. ಸಣ್ಣ ಸಣ್ಣ ಉಗ್ರಾಣಗಳನ್ನು ಮುಚ್ಚಿ ಹೆದ್ದಾರಿಗಳು ಕೂಡುವ ಕಡೆ ದೊಡ್ಡದನ್ನು ಕಟ್ಟುವುದು ಹೆಚ್ಚಿತು. ಬೆಂಗಳೂರಿನ ಸುತ್ತ ನೆಲಮಂಗಲ, ಹೊಸಕೋಟೆಗಳ ಕಡೆ ಹೋದರೆ ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಸೀಮೆಯಲ್ಲಿ ಅವುಗಳ ತಗಡಿನ ಮಾಡುಗಳನ್ನು ನೀವೇ ನೋಡಬಹುದು.

ಇನ್ನು ಭದ್ರಾವತಿ. ಬೆಂಕೀಪುರವೆಂದು ಹಳೆಯ ಹೆಸರು. ಅಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡಿನಿಂದ ಸೌದೆ ಇದ್ದಲು ಮಾಡಬಹುದಿತ್ತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿತ್ತು, ನೀರು ಭದ್ರಾ ಹೊಳೆಯಲ್ಲಿತ್ತು. ವೇಬರರ ಹಲಗೆಯ ಮೇಲೆ ಈ ಬಟ್ಟುಗಳನ್ನು ತೂಗಿಬಿಟ್ಟಿದ್ದರೆ ಗಂಟು ಆ ಸುತ್ತಿನಲ್ಲಿಯೇ ಎಲ್ಲಿಯೋ ನಿಲ್ಲುತ್ತಿತ್ತೆಂದು ನನ್ನ ನಂಬಿಕೆ. ಮೊದಲ ವರ್ಷಗಳ ನಷ್ಟದಲ್ಲಿ ವಿಶ್ವೇಶ್ವರಯ್ಯನವರು ಆಡಳಿತ ವಹಿಸಿಕೊಂಡು ಅದನ್ನು ನಿಲ್ಲಿಸಿದರು. ಜಾಗದ ಆಯ್ಕೆ ತಪ್ಪೆಂದು ಹೇಳಲು ನನಗೆ ಆಧಾರ ಕಾಣುವುದಿಲ್ಲ.

ಬಟ್ಟುಗಳು ಮಾತ್ರ ಬದಲಾದವು. ಸೌದೆ ಇದ್ದಲಿನ ಕಾಲ ಮುಗಿಯಿತು. ಕೆಮ್ಮಣ್ಣುಗುಂಡಿಯಲ್ಲಿ ಗಣಿ ಕೆಲಸ ನಿಂತುಹೋಗಿ, ಈಗ ಜನ ಅಲ್ಲಿಗೆ ಹೋಗುವುದು ತಂಪು ಗಾಳಿಗೆ, ಹೂವಿನ ತೋಟಕ್ಕೆ. ಅದಿರನ್ನು ಬೇರೆ ಕಡೆಯಿಂದ ತರಬೇಕಾಯಿತು. ಬಳ್ಳಾರಿಯ ಸೀಮೆಯಲ್ಲಿ, ತೋರಣಗಲ್ಲಿನಲ್ಲಿ, ಅದಿರಿನ ಬಾಯಿಯಲ್ಲಿಯೇ ಅತಿ ದೊಡ್ಡ ಉಕ್ಕಿನ ಕಾರ್ಖಾನೆ ಎದ್ದಿತು. ಇಂದು ಹೊಸದಾಗಿ ಲೆಕ್ಕಹಾಕುವವನು ಆ ಕಡೆಗೇ ಬೊಟ್ಟುಮಾಡುತ್ತಾನೆ. ಆದರೆ ಭದ್ರಾವತಿಯಲ್ಲಿ ನೂರು ವರ್ಷಗಳಲ್ಲಿ ಮನೆಗಳಾದವು, ಶಾಲೆಗಳಾದವು, ಕಾರ್ಖಾನೆಯ ಸಂಬಳವನ್ನು ನಂಬಿ ಅಂಗಡಿ ಇಟ್ಟವರ ಮಕ್ಕಳೂ ಅಂಗಡಿ ಇಟ್ಟರು. ಇವರಾರೂ ಆ ಹಲಗೆಯ ಮೇಲಿನ ತೂಕಗಳಲ್ಲ. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬಾಗಿಲಲ್ಲಿ ಧರಣಿ ಕುಳಿತರು. ಅದೇ ವರ್ಷ ಆಗಸ್ಟಿನಲ್ಲಿ ಒಂದು ಭಾಗದಲ್ಲಿ ಕೆಲಸ ಮತ್ತೆ ಪ್ರಾರಂಭವಾಯಿತು. ಅಲ್ಲಿ ಕಾಯಿಸಿ ಸರಳಾಗಿ ಎಳೆಯುವ ಉಕ್ಕನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಯಿತು.