ಹಳೆಯ ಕಾರಿಗೆ ಹೊಸ ಸ್ಟೀರಿಯೊ



ಭಾಷೆಯ ಮೇಷ್ಟ್ರು ವಿದ್ಯುತ್ತಿನ ಮಾತಾಡುವುದಕ್ಕೆ ಕ್ಷಮಿಸಿ. ಬ್ರಿಟನ್ನಿನ ಎಂಜಿಬಿ ಕಾರನ್ನೇ ನೋಡಿ. 1962ರಿಂದ 1967ರವರೆಗಿನ ಈ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಮೈಗೆ ಜೋಡಿಸಿದ್ದರು. ಇಂದಿನ ಸ್ಟೀರಿಯೊದ ಲೋಹದ ಪೆಟ್ಟಿಗೆಯೋ ಋಣ ತುದಿಗೆ ಸೇರಿದ್ದು. ಕಪ್ಪು ವೈರನ್ನು ಬ್ಯಾಟರಿಯ ಋಣಕ್ಕೆ ಕೊಟ್ಟು, ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿಗೆ ತಿರುಪಿನಿಂದ ಬಿಗಿದರೆ ಶಾರ್ಟ್ ಸರ್ಕ್ಯೂಟ್! ಸ್ಟೀರಿಯೊದ ಫ್ಯೂಸ್ ಇರುವುದು ಧನ ವೈರಿನಲ್ಲಿ. ಈ ಪ್ರವಾಹ ಆ ದಾರಿಯಲ್ಲಿ ಬರುವುದೇ ಇಲ್ಲ. ಸುಡುವುದು ವೈರು.

ಹಾಗೆಂದು ಬ್ಯಾಟರಿಯನ್ನು ತಿರುಗಿಸಿಟ್ಟರೆ ಮುಗಿಯಿತೆ? ಡೈನಮೊದ ಫೀಲ್ಡ್ ತುದಿಗೆ ಕ್ಷಣಕಾಲ ಕರೆಂಟು ಮುಟ್ಟಿಸಿ ಅದರ ಧ್ರುವವನ್ನೂ ಬದಲಿಸಬೇಕು. ಇಷ್ಟಾದರೂ ಸಿಗ್ನಲ್ಲಿನಲ್ಲಿ ನಿಂತಾಗ ಡೈನಮೊ ಸರಿಯಾಗಿ ಚಾರ್ಜ್ ಮಾಡದು. ಹಾಡು ಬ್ಯಾಟರಿಯನ್ನೇ ತಿನ್ನುತ್ತಿರುತ್ತದೆ.